ವರ್ಷಕ್ಕೆ ಮೂರು ಸಲ ಕೂತು ಯೋಚಿಸಿ: ಕೆಲಸವನ್ನೂ ಮನೆಯನ್ನೂ ತಿಳಿದು ನಡೆಸಲು ಮಲೆನಾಡಿನವರಿಗೊಂದು ಮಾರ್ಗದರ್ಶಿ

ಕೊಳೆ ರೋಗಕ್ಕೆ ಔಷಧಿ ಹೊಡೆಯುವುದು ಮಳೆ ಹಿಡಿಯುವ ಮೊದಲು. ತೀರ್ಥಹಳ್ಳಿಯಲ್ಲಾಗಲಿ ಹೊಸನಗರದಲ್ಲಾಗಲಿ, ಅಡಿಕೆ ತೋಟ ಇರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗೆ ಮುಂಚೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತುವವರು ಯಾರು, ಸುಣ್ಣ ಎಲ್ಲಿಂದ, ಯಾವ ದಿನ ಯಾರ ತೋಟ ಅನ್ನುವುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಅದೇ ಮನೆಯವರನ್ನು "ಈ ಮಳೆಗಾಲದಲ್ಲಿ ನಿಮಗೆ ಅಂತ ಏನು ಮಾಡ್ಕೊಳ್ತೀರಿ?" ಎಂದು ಕೇಳಿ. "ನೋಡೋಣ, ಟೈಮ್ ಸಿಕ್ಕರೆ" ಅನ್ನುತ್ತಾರೆ.

ಈ ಬರಹ ಆ "ನೋಡೋಣ"ದ ಬಗ್ಗೆ. ತೋಟಕ್ಕೆ ಕೊಡುವ ಮುಂದಾಲೋಚನೆಯ ಕಾಲುಭಾಗವನ್ನು ನಮ್ಮ ದಿನಗಳಿಗೆ ಕೊಟ್ಟರೂ ಬಹಳಷ್ಟು ಬದಲಾಗುತ್ತದೆ. ಅದಕ್ಕೆ ಜೀವನದ ದೊಡ್ಡ ಗುರಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಗೋಡೆ ತುಂಬ ಕನಸಿನ ಚಿತ್ರ ಅಂಟಿಸುವುದೂ ಬೇಡ, ನನಗಂತೂ ಅದರಲ್ಲಿ ನಂಬಿಕೆಯಿಲ್ಲ. ಬೇಕಾದದ್ದು 100 ಪುಟದ ಒಂದು ನೋಟ್‌ಬುಕ್, ಮನೆಯಲ್ಲಿರುವ ತೂಗು ಕ್ಯಾಲೆಂಡರ್, ಮತ್ತು ವರ್ಷಕ್ಕೆ ಮೂರು ಸಲ ಒಂದು ಮಧ್ಯಾಹ್ನದ ಬಿಡುವು.

ಮೊದಲ ಹೆಜ್ಜೆ: ಈಗ ದಿನ ಹೇಗೆ ಹೋಗುತ್ತಿದೆ, ನೋಡಿ

ಒಂದು ವಾರ ಏನನ್ನೂ ಬದಲಾಯಿಸಬೇಡಿ. ಸುಮ್ನೆ ಬರೆಯಿರಿ. ಬೆಳಗಿನ ತಿಂಡಿ ಆದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ, ಸಂಜೆ ಕಾಫಿಗೆ, ರಾತ್ರಿ ಮಲಗುವ ಮುಂಚೆ, ಹೀಗೆ ದಿನಕ್ಕೆ ನಾಲ್ಕು ಸಲ. ಹಿಂದಿನ ಕೆಲವು ಗಂಟೆ ಯಾವುದಕ್ಕೆ ಹೋಯಿತು ಎಂದು ಒಂದೆರಡು ಸಾಲು ಸಾಕು. ಅದರ ಪಕ್ಕ ಒಂದು ಗುರುತು ಹಾಕಿ. ನಾನೇ ಬೇಕೆಂದು ಮಾಡಿದ್ದಕ್ಕೆ ಒಂದು ಚುಕ್ಕಿ, ಯಾರೋ ಕೇಳಿದರು ಅಂತ ಮಾಡಿದ್ದಕ್ಕೆ ಒಂದು ಗೆರೆ, ಹೇಗೋ ಕಳೆದುಹೋದದ್ದಕ್ಕೆ ಒಂದು ಸೊನ್ನೆ.

ಗೆರೆಗಳೆಲ್ಲ ಕೆಟ್ಟವಲ್ಲ. ಮಗುವಿಗೆ ಲೆಕ್ಕ ಹೇಳಿಕೊಟ್ಟದ್ದೂ ಯಾರೋ ಕೇಳಿದ್ದೇ ತಾನೆ. ಚುಕ್ಕಿ ಎಷ್ಟು ಕಡಿಮೆ ಎಂದು ಕಣ್ಣಿಗೆ ಕಾಣಲಿ ಅಂತ ಇಷ್ಟು.

ಇನ್ನೆರಡು ದಾಖಲೆ ನಿಮ್ಮ ಕೈಯಲ್ಲೇ ಇವೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇರುತ್ತದೆ, ಐಫೋನಿನಲ್ಲಿ ಸ್ಕ್ರೀನ್ ಟೈಮ್. ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಯಿತು ಎಂದು ಅದು ಮುಲಾಜಿಲ್ಲದೆ ಹೇಳುತ್ತದೆ. ಎರಡನೆಯದು ಬ್ಯಾಂಕ್ ಸ್ಟೇಟ್‌ಮೆಂಟ್. ಕಳೆದ ಮೂರು ತಿಂಗಳದ್ದನ್ನು ತೆಗೆದು ಓದಿ. "ನಮಗೆ ಓದು ಮುಖ್ಯ" ಅನ್ನುವ ಮನೆಯಲ್ಲಿ ಪುಸ್ತಕಕ್ಕೆ ಒಂದು ರೂಪಾಯಿಯೂ ಹೋಗಿರದಿದ್ದರೆ, ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಎರಡನೇ ಹೆಜ್ಜೆ: ವರ್ಷವನ್ನು ಮೂರು ಮಾಡಿ

ಜನವರಿ 1ಕ್ಕೆ ಸಂಕಲ್ಪ ಮಾಡುವ ಪದ್ಧತಿ ಮಲೆನಾಡಿಗೆ ಹೊಂದುವುದಿಲ್ಲ. ಆಗ ಅಂಗಳದ ತುಂಬ ಅಡಿಕೆ ಇರುತ್ತದೆ. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಇನ್ನೂ ನಡೆಯುತ್ತಿರುತ್ತದೆ. ಮನೆಮಂದಿಗೆ ನಿದ್ದೆಯೇ ಸಾಲದ ಹೊತ್ತಲ್ಲಿ "ನಾಳೆಯಿಂದ ಐದಕ್ಕೆ ಎದ್ದು ಯೋಗ" ಎಂದರೆ ಅದು ಎಷ್ಟು ದಿನ ಬಾಳೀತು? ವರ್ಷಕ್ಕೊಂದೇ ಸಂಕಲ್ಪ ಅನ್ನುವುದೂ ಅತಿ ಉದ್ದ. ತಿಂಗಳಿಗೊಂದು ಅಂದರೆ ತೀರಾ ಗಿಡ್ಡ. ನಮ್ಮ ಮೂರು ಕಾಲಗಳು ಸರಿಯಾದ ಅಳತೆ. ಒಂದೊಂದು ಸುಮಾರು ನಾಲ್ಕು ತಿಂಗಳು, ಒಂದೊಂದರ ಗುಣವೂ ಬೇರೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಶಾಲೆ ಶುರುವಾಗಿ ಮನೆಗೆ ಒಂದು ವೇಳಾಪಟ್ಟಿ ಬಂದಿರುತ್ತದೆ. ಆಷಾಢದಲ್ಲಿ ಮದುವೆ ಇಲ್ಲ, ನೆಂಟರ ಓಡಾಟ ಕಡಿಮೆ. ಗದ್ದೆ ಇರುವವರಿಗೆ ಜುಲೈ, ಆಗಸ್ಟ್‌ನಲ್ಲಿ ನಾಟಿ. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಇಷ್ಟೆಲ್ಲ ಇದ್ದರೂ ಒಳಗೆ ಕೂತು ಮಾಡುವ ಕೆಲಸಕ್ಕೆ ಇದರಷ್ಟು ಒಳ್ಳೆಯ ಕಾಲ ಬೇರೆ ಇಲ್ಲ. ಓದು, ಬರವಣಿಗೆ, ಇಲಾಖಾ ಪರೀಕ್ಷೆಗೆ ತಯಾರಿ, ಹಳೆಯ ಕಾಗದಪತ್ರ ಜೋಡಿಸುವುದು, ಮಕ್ಕಳೊಂದಿಗೆ ಸಂಜೆ. ಬೆಂಗಳೂರಿನ ಕಂಪನಿಗೆ ಊರಿಂದಲೇ ಕೆಲಸ ಮಾಡುವವರು ಮಾತ್ರ ತಮ್ಮ ದೊಡ್ಡ ಪ್ರಾಜೆಕ್ಟನ್ನು ಜುಲೈ, ಆಗಸ್ಟ್‌ಗೆ ಇಟ್ಟುಕೊಳ್ಳಬಾರದು. ಇಟ್ಟುಕೊಳ್ಳಲೇಬೇಕಾದರೆ ಆ ಎರಡು ತಿಂಗಳು ಶಿವಮೊಗ್ಗ ಪೇಟೆಯಲ್ಲಿ ಒಂದು ಕೋಣೆ ನೋಡಿಕೊಳ್ಳುವುದು ವಾಸಿ.

ಅಕ್ಟೋಬರ್‌ನಿಂದ ಜನವರಿ ಕೊಯ್ಲಿನ ಕಾಲ. ಭೂಮಿ ಹುಣ್ಣಿಮೆ, ದೀಪಾವಳಿ, ಅಡಿಕೆ, ಭತ್ತ. ಈ ನಾಲ್ಕು ತಿಂಗಳಲ್ಲಿ ಹೊಸದೇನನ್ನೂ ಶುರು ಮಾಡದಿರುವುದೇ ಒಂದು ಒಳ್ಳೆಯ ತೀರ್ಮಾನ. ಪೇಟೆಯಲ್ಲಿ ಕೆಲಸ ಮಾಡುವವರಿಗೂ ವಾರದ ಕೊನೆಗೆ ಊರಿಗೆ ಹೋಗಿ ಕೈಜೋಡಿಸುವುದು ಇದ್ದೇ ಇರುತ್ತದೆ. ಅದನ್ನು "ನನ್ನ ಶನಿವಾರ ಹಾಳಾಯ್ತು" ಎಂದುಕೊಳ್ಳದೆ ಮೊದಲೇ ಪಟ್ಟಿಯಲ್ಲಿ ಬರೆದುಬಿಟ್ಟರೆ ಅರ್ಧ ಕಿರಿಕಿರಿ ಇಳಿಯುತ್ತದೆ.

ಫೆಬ್ರವರಿಯಿಂದ ಮೇ ಓಡಾಟದ ಕಾಲ. ಜಾತ್ರೆ, ಮಕ್ಕಳ ಪರೀಕ್ಷೆ, ಮಾರ್ಚ್ 31ರ ಲೆಕ್ಕ, ಮದುವೆ, ಉಪನಯನ, ರಜೆಗೆ ಬರುವ ನೆಂಟರು. ಸಾಗರದವರಾದರೆ ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಿಗೆ ಬೇರೆ ಏನನ್ನೂ ಬರೆಯಬೇಡಿ, ಬರೆದರೂ ಆಗುವುದಿಲ್ಲ. ಮನೆ ರಿಪೇರಿ, ಹೆಂಚು ಕೈಯಾಡಿಸುವುದು, ಹೊರಗೆ ಹೋಗಿ ಮಾಡಬೇಕಾದ ಎಲ್ಲ ಕೆಲಸವೂ ಈ ಕಾಲದ್ದು. ತೀರ್ಥಹಳ್ಳಿ ಕಡೆಯವರು ಅಪ್ಪ-ಅಮ್ಮನನ್ನು ಮಣಿಪಾಲಕ್ಕೆ ತೋರಿಸುವುದಿದ್ದರೆ ಮೇ ಒಳಗೆ ಮುಗಿಸಲಿ. ಮಳೆ ಹಿಡಿದ ಮೇಲೆ ಆಗುಂಬೆ ಘಾಟಿ ಇಳಿದು ಹೋಗುವುದು ವಯಸ್ಸಾದವರಿಗೆ ಸುಲಭವಲ್ಲ.

ಕ್ಯಾಲೆಂಡರ್ ತೆಗೆದು ಮೊದಲು ಇವನ್ನೆಲ್ಲ ಗುರುತು ಹಾಕಿ. ಉಳಿದದ್ದು ನಿಮ್ಮ ನಿಜವಾದ ಸಮಯ. ಬಹಳ ಮಂದಿಗೆ ಅದು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತದೆ.

ಮೂರನೇ ಹೆಜ್ಜೆ: ಕೆಲಸಕ್ಕೊಂದು, ಮನೆಗೊಂದು

ಪ್ರತಿ ಕಾಲಕ್ಕೆ ಎರಡೇ ಆಯ್ಕೆ. ಒಂದು ದುಡಿಮೆಗೆ ಸಂಬಂಧಿಸಿದ್ದು, ಇನ್ನೊಂದು ಮನೆ-ಮನಸ್ಸಿಗೆ ಸಂಬಂಧಿಸಿದ್ದು. ಮೂರನೆಯದು ಬೇಡ. ನಾಲ್ಕು ಬರೆದುಕೊಂಡವರು ಕೊನೆಗೆ ಸುಲಭದ್ದನ್ನು ಮಾಡಿ ಕಷ್ಟದ್ದನ್ನು ಮುಂದಕ್ಕೆ ಹಾಕುತ್ತಾರೆ.

ಆರಿಸಲು ಹೀಗೆ ಕೇಳಿಕೊಳ್ಳಿ: ಈ ಕಾಲ ಮುಗಿದಾಗ ಯಾವುದು ಆಗಿರದಿದ್ದರೆ ನನಗೆ ನಿಜವಾಗಿ ಬೇಜಾರಾಗುತ್ತದೆ? ಆಮೇಲೆ ಇನ್ನೊಂದು ಪ್ರಶ್ನೆ: ಇದು ನನ್ನ ಆಸೆಯೋ, ಪಕ್ಕದ ಮನೆಯವರು ಮಾಡಿದ್ದನ್ನು ನೋಡಿ ಹುಟ್ಟಿದ್ದೋ? ಮಗನನ್ನು ಕೋಚಿಂಗ್‌ಗೆ ಹಾಕುವುದು, ಮನೆ ಮೇಲೆ ಮಹಡಿ ಏರಿಸುವುದು, ದೊಡ್ಡ ಕಾರು, ಇಂಥವು ಎರಡನೇ ಪ್ರಶ್ನೆಯಲ್ಲಿ ಹೆಚ್ಚಾಗಿ ಬಿದ್ದುಹೋಗುತ್ತವೆ. ಬೀಳದಿದ್ದರೆ ಧಾರಾಳವಾಗಿ ಮಾಡಿ.

ಬರೆಯುವಾಗ ಕಣ್ಣಿಗೆ ಕಾಣುವ ಹಾಗೆ ಬರೆಯಿರಿ. "ಆರೋಗ್ಯ ನೋಡಿಕೊಳ್ಳಬೇಕು" ಎಂದರೆ ಏನೂ ಹೇಳಿದಂತಾಗಲಿಲ್ಲ. "ವಾರಕ್ಕೆ ನಾಲ್ಕು ದಿನ ಊಟದ ನಂತರ ಅರ್ಧ ಗಂಟೆ ನಡೆಯುತ್ತೇನೆ, ಮಳೆ ಇದ್ದರೆ ಜಗುಲಿಯಲ್ಲೇ" ಎಂದರೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಂಗಡಿ ಇಟ್ಟವರಿಗೆ ಕೆಲಸದ ಆಯ್ಕೆ "ಉದ್ರಿ ಪುಸ್ತಕದಲ್ಲಿ ವರ್ಷ ದಾಟಿದ ಬಾಕಿಯನ್ನೆಲ್ಲ ದೀಪಾವಳಿ ಒಳಗೆ ವಸೂಲಿ ಮಾಡುವುದು, ಇಲ್ಲವೇ ಹೊಡೆದುಹಾಕುವುದು" ಆಗಬಹುದು. ಶಾಲಾ ಶಿಕ್ಷಕಿಗೆ "ಏಳನೇ ತರಗತಿಯ ಓದಲು ಬಾರದ ಐವರನ್ನು ಓದುವಂತೆ ಮಾಡುವುದು" ಆಗಬಹುದು. ಮನೆಯ ಆಯ್ಕೆ ಇನ್ನೂ ಚಿಕ್ಕದಿರಲಿ. "ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದನ್ನು ಪಕ್ಕದಲ್ಲಿ ಕೂತು ಕಲಿಯುವುದು." ಇದಕ್ಕೆ ಮಿಡಿ ಸಿಗುವ ಬೇಸಿಗೆಯೇ ಬೇಕು, ಹಾಗಾಗಿ ಕಾಲವೂ ತಾನಾಗಿ ನಿಗದಿಯಾಯಿತು.

ಕಡಿಮೆ ಆರಿಸಿಕೊಂಡರೆ ಸಾಧನೆ ಚಿಕ್ಕದಾಗುತ್ತದೆ ಅನ್ನುವ ಭಯ ಇದ್ದರೆ ಸಾಗರದ ಪಕ್ಕದ ಹೆಗ್ಗೋಡನ್ನು ನೋಡಿ. ಅಡಿಕೆ ಬೆಳೆಯುವ ಸಣ್ಣ ಊರು. 1949ರಲ್ಲಿ ಅಲ್ಲಿ ನೀನಾಸಂ ಶುರುವಾಯಿತು. ಊರಲ್ಲೇ ಇದ್ದುಕೊಂಡು ರಂಗಭೂಮಿಯನ್ನು ಬಿಡದೆ ಹಿಡಿದರು, ತೋಟದ ಕೆಲಸವೂ ನಡೆಯಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಾಲ್ಕನೇ ಹೆಜ್ಜೆ: ಬಿಡುವ ಪಟ್ಟಿ

ಇಡೀ ಕ್ರಮದಲ್ಲಿ ಕಷ್ಟದ್ದು ಇದು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲೋಣ.

ಎರಡು ಹೊಸ ಕೆಲಸ ಸೇರಿಸಿದರೆ ಅಷ್ಟೇ ಹೊತ್ತಿನದನ್ನು ತೆಗೆಯಲೇಬೇಕು. ದಿನಕ್ಕೆ 24 ಗಂಟೆ ಅನ್ನುವುದು ಎಲ್ಲರಿಗೂ ಗೊತ್ತು, ಪಟ್ಟಿ ಮಾಡುವಾಗ ಮಾತ್ರ ಮರೆಯುತ್ತೇವೆ. ಆಯ್ಕೆಯ ಪಕ್ಕದ ಪುಟದಲ್ಲೇ "ಈ ಕಾಲದಲ್ಲಿ ಬಿಡುವುದು" ಎಂದು ಬರೆದು ಕನಿಷ್ಠ ಮೂರು ವಿಷಯ ಹಾಕಿ. ಮೊದಲ ವಾರ ಸೊನ್ನೆ ಹಾಕಿದ್ದೀರಲ್ಲ, ಅಲ್ಲಿಂದ ಶುರು ಮಾಡಿ. ಯಾರಿಗೂ ನೋವಾಗದೆ ಬಿಡಬಹುದಾದವು ಅವು. ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡುವಾಗ 8 ಗಂಟೆ, 1 ವಾರ, ಯಾವಾಗಲೂ ಎಂದು ಮೂರು ಆಯ್ಕೆ ಬರುತ್ತದೆ. ಮೂರನೆಯದನ್ನೇ ಒತ್ತಿ. ಗುಂಪು ಬಿಟ್ಟು ಹೋದರೆ ಅಡ್ಮಿನ್‌ಗೆ ಗೊತ್ತಾಗುತ್ತದೆ, ಅಲ್ಲಿಂದ ಊರೆಲ್ಲ ಸುದ್ದಿ; ಮ್ಯೂಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಬರುವುದು ಮುಯ್ಯಿಯ ಲೆಕ್ಕ. ಅವರು ನಮ್ಮ ಮನೆ ಕೆಲಸಕ್ಕೆ ಬಂದಿದ್ದರು, ನಾವು ಹೋಗದಿದ್ದರೆ ಹೇಗೆ? ಇದನ್ನು ಹಗುರ ಮಾಡಬಾರದು. ಮಲೆನಾಡಿನಲ್ಲಿ ಮುಯ್ಯಾಳು ಇಲ್ಲದೆ ಯಾವ ಮನೆಯ ನಾಟಿಯೂ ಕೊಯ್ಲೂ ನಡೆದುಬಂದದ್ದಲ್ಲ. "ನಿಮ್ಮ ಸಮಯ ನಿಮ್ಮದು, ಬೇಡ ಅಂದುಬಿಡಿ" ಎನ್ನುವ ಪೇಟೆಯ ಉಪದೇಶ ಇಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು. ಆದರೆ ಮುಯ್ಯಿ ತೀರಿಸುವ ಬಗೆಯನ್ನು ನಾವು ಆರಿಸಬಹುದು. ಮದುವೆಗೆ ಹೋಗಿ ಎರಡು ಗಂಟೆ ಕುರ್ಚಿಯಲ್ಲಿ ಕೂತು, ಸಾಲಿನಲ್ಲಿ ನಿಂತು ಫೋಟೋ ತೆಗೆಸಿ ಬರುವುದಕ್ಕಿಂತ ಹಿಂದಿನ ದಿನ ಹೋಗಿ ತರಕಾರಿ ಹೆಚ್ಚಿ ಬಂದರೆ ಆ ಮನೆಯವರಿಗೆ ಹೆಚ್ಚು ನೆನಪಿರುತ್ತದೆ. "ಅತ್ತಿಗೆ, ಮದುವೆ ದಿನ ಬರೋದು ಕಷ್ಟ ಇದೆ. ಚಪ್ಪರದ ದಿನ ಬೆಳಗ್ಗೆಯೇ ಬಂದು ಕೆಲಸಕ್ಕೆ ನಿಲ್ತೀನಿ, ಏನು ಮಾಡ್ಬೇಕು ಹೇಳಿ." ಹೀಗೆ ಹೇಳಿದರೆ ಯಾವ ಅತ್ತಿಗೆಯೂ ಮುನಿಸಿಕೊಳ್ಳುವುದಿಲ್ಲ.

ಸಾವಿನ ಮನೆಗೆ ಮಾತ್ರ ಹೋಗಿ. ಅದನ್ನು ಬಿಡುವ ಪಟ್ಟಿಗೆ ತರಬೇಡಿ.

ಸಮಿತಿಗಳದ್ದು ಇನ್ನೊಂದು ಕಥೆ. ದೇವಸ್ಥಾನದ ಸಮಿತಿ, ಸೊಸೈಟಿ, ಹಳೆ ವಿದ್ಯಾರ್ಥಿ ಸಂಘ, ಗಣಪತಿ ಮಂಡಳಿ. ಸ್ವಲ್ಪ ಓದು ಬರಹ ಬರುವವರು ಸಿಕ್ಕರೆ ಕಾರ್ಯದರ್ಶಿ ಮಾಡಿಬಿಡುತ್ತಾರೆ. ಒಂದನ್ನು ಇಟ್ಟುಕೊಳ್ಳಿ, ಅದನ್ನು ಚೆನ್ನಾಗಿ ಮಾಡಿ. ಉಳಿದವಕ್ಕೆ ಅವಧಿ ಮುಗಿಯುವ ಮೊದಲೇ ಹೇಳಿ: "ಈ ಸಲ ಲೆಕ್ಕ ಒಪ್ಪಿಸ್ತೀನಿ ಅಣ್ಣ, ಮುಂದಿನ ಸಲಕ್ಕೆ ಬೇರೆಯವರನ್ನ ನೋಡಿ. ಅವರಿಗೆ ಪುಸ್ತಕ ತೋರಿಸಿಕೊಡೋಕೆ ನಾನೇ ಬರ್ತೀನಿ."

ಆಫೀಸಿನಲ್ಲಿ ನೇರವಾಗಿ "ಆಗಲ್ಲ" ಅನ್ನುವ ಸ್ವಾತಂತ್ರ್ಯ ಎಲ್ಲರಿಗೂ ಇರುವುದಿಲ್ಲ. ಹೊರಗುತ್ತಿಗೆ ನೌಕರರಿಗಂತೂ ಇಲ್ಲವೇ ಇಲ್ಲ. ಅವರಿಗೆ ದಾರಿ, ಆಯ್ಕೆಯನ್ನು ಮೇಲಿನವರ ಮುಂದಿಡುವುದು. "ಸಾರ್, ಇದನ್ನ ಇವತ್ತೇ ಮಾಡ್ತೀನಿ. ಹಾಗಾದ್ರೆ ಬೆಳಗ್ಗೆ ಕೊಟ್ಟಿದ್ದು ನಾಳೆ ಆಗುತ್ತೆ. ಯಾವುದು ಮೊದಲು ಬೇಕು ಹೇಳಿ." ದನಿಯಲ್ಲಿ ಸಿಟ್ಟು ಇರಬಾರದು, ಅಷ್ಟೇ.

ಐದನೇ ಹೆಜ್ಜೆ: ಯಾವಾಗ, ಎಲ್ಲಿ

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ಒಂದು ಲೇಖನದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. "ಇದನ್ನು ಮಾಡಬೇಕು" ಎಂದು ಅಂದುಕೊಳ್ಳುವವರಿಗಿಂತ "ಇಂಥದ್ದು ಆದಾಗ ಇಂಥದ್ದನ್ನು ಮಾಡುತ್ತೇನೆ" ಎಂದು ಮೊದಲೇ ಗಂಟು ಹಾಕಿಕೊಂಡವರು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಆ ಹೊತ್ತು ಬಂದಾಗ ಮತ್ತೆ ಯೋಚಿಸುವ, ತನ್ನೊಡನೆ ತಾನೇ ಚೌಕಾಸಿ ಮಾಡುವ ಕೆಲಸ ತಪ್ಪುತ್ತದೆ.

ಗಂಟನ್ನು ಗಡಿಯಾರಕ್ಕೆ ಹಾಕುವುದಕ್ಕಿಂತ ಈಗಾಗಲೇ ನಡೆಯುವ ಸಂಗತಿಗೆ ಹಾಕುವುದು ಒಳ್ಳೆಯದು. ಹಳ್ಳಿ ಬಸ್ಸಿಗೆ ಗಡಿಯಾರ ಇರುವುದಿಲ್ಲ ಅಲ್ವಾ? ಸಾಗರದಿಂದ ಶಿವಮೊಗ್ಗಕ್ಕೆ ದಿನಾ ಓಡಾಡುವವರು "ಬಸ್ಸಲ್ಲಿ ಸೀಟು ಸಿಕ್ಕಿದ ಕೂಡಲೆ ಪುಸ್ತಕ ತೆಗೆಯುತ್ತೇನೆ, ವಾಪಸ್ ಬರುವಾಗ ಕಣ್ಣು ಮುಚ್ಚುತ್ತೇನೆ" ಎಂದು ಮಾಡಿಕೊಳ್ಳಬಹುದು. "ಹಾಲು ಕರೆದು ಬಂದು ಕೈ ತೊಳೆದ ಮೇಲೆ ಮಗಳ ಜೊತೆ ಒಂದು ಪುಟ." "ಬೈಕ್ ಒಳಗಿಟ್ಟ ಮೇಲೆ ಫೋನನ್ನು ದೇವರ ಮನೆ ಪಕ್ಕದ ಗೂಡಿನಲ್ಲಿ ಇಡುತ್ತೇನೆ." ಮಳೆಗಾಲಕ್ಕೆ ನನಗೆ ತುಂಬ ಹಿಡಿಸಿದ್ದು: "ಕರೆಂಟ್ ಹೋದರೆ ಅಪ್ಪನ ಹತ್ತಿರ ಹೋಗಿ ಕೂರುತ್ತೇನೆ." ಕರೆಂಟ್ ಹೋಗುವುದು ಹೇಗೂ ಗ್ಯಾರಂಟಿ.

ಅಭ್ಯಾಸಕ್ಕೆ 21 ದಿನ ಸಾಕು ಎಂದು ಎಲ್ಲರೂ ಹೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಮಂದಿಯ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಬಂದ ಲೆಕ್ಕ ಸರಾಸರಿ 66 ದಿನ. ಬೇಗ ಅಂದರೆ 18, ನಿಧಾನ ಅಂದರೆ 254. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಎಂದೂ ಕಂಡುಬಂತು. ನಾಲ್ಕು ತಿಂಗಳ ಅಳತೆ ಸರಿ ಅನ್ನಲು ನನಗೆ ಇದೂ ಒಂದು ಕಾರಣ. 66 ದಿನ ಅದರೊಳಗೆ ಆರಾಮಾಗಿ ಹಿಡಿಯುತ್ತದೆ.

ಆರನೇ ಹೆಜ್ಜೆ: ದುಡಿಮೆಯ ಹೊತ್ತು

ದಿನದ ಮೊದಲ ಒಂದು ಗಂಟೆಯನ್ನು ಆಯ್ದ ಕೆಲಸಕ್ಕೆ ಕೊಡಿ. ಕೌಂಟರಿನಲ್ಲಿ ಕೂರುವವರಿಗೆ, ಅಂಗಡಿಯವರಿಗೆ ಅದು ಆಗದು. ಅವರು ಬಾಗಿಲು ತೆರೆಯುವ ಮುಂಚಿನ 20 ನಿಮಿಷವನ್ನೋ ಮಧ್ಯಾಹ್ನ ಜನ ಕಡಿಮೆ ಇರುವ ಹೊತ್ತನ್ನೋ ನೋಡಿಕೊಳ್ಳಲಿ.

ಒಂದು ಕೆಲಸದ ಮಧ್ಯೆ ಎದ್ದು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದಿರುತ್ತದೆ. ಸೋಫಿ ಲೆರಾಯ್ ಎನ್ನುವ ಸಂಶೋಧಕಿ 2009ರಲ್ಲಿ ಇದನ್ನು ತೋರಿಸಿದರು. ಇದಕ್ಕೆ ಮದ್ದು ಸರಳ. ಯಾರಾದರೂ ಕರೆದಾಗ ಏಳುವ ಮುಂಚೆ ಒಂದು ಚೀಟಿಯಲ್ಲಿ ಬರೆಯಿರಿ: ಎಲ್ಲಿಗೆ ನಿಲ್ಲಿಸಿದೆ, ಬಂದ ಮೇಲೆ ಮೊದಲು ಏನು ಮಾಡಬೇಕು. ಅರ್ಧ ನಿಮಿಷದ ಕೆಲಸ. ಸಂಜೆ ಆಫೀಸು ಬಿಡುವಾಗಲೂ ಹೀಗೇ ಬರೆದಿಟ್ಟು ಬನ್ನಿ, ಆ ಫೈಲು ಊಟದ ತಟ್ಟೆಯವರೆಗೆ ಬರುವುದು ಕಡಿಮೆಯಾಗುತ್ತದೆ.

ಏಳನೇ ಹೆಜ್ಜೆ: ಮನೆಯವರನ್ನು ಕೂರಿಸಿಕೊಂಡು

ಇಂಥ ಬರಹಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಮಾತು ಇದು. ಗಂಡ ಬೆಳಗ್ಗೆ ಒಂದು ಗಂಟೆ ಬಾಗಿಲು ಹಾಕಿಕೊಂಡು ಓದುತ್ತಾನೆ ಎಂದರೆ ಆ ಹೊತ್ತಲ್ಲಿ ತಿಂಡಿ, ಟಿಫನ್ ಬಾಕ್ಸ್, ಮಕ್ಕಳ ಜಡೆ, ಅತ್ತೆಯ ಮಾತ್ರೆ ಎಲ್ಲ ಯಾರ ತಲೆಯ ಮೇಲೆ? ಒಬ್ಬರ ನೆಮ್ಮದಿಯನ್ನು ಇನ್ನೊಬ್ಬರ ಬೆನ್ನ ಮೇಲೆ ಕಟ್ಟಿದರೆ ಅದು ಸೋಗು.

ಹಾಗಾಗಿ ಪಟ್ಟಿಯನ್ನು ಒಬ್ಬರೇ ಮುಗಿಸಬೇಡಿ. ಇಬ್ಬರೂ ಬೇರೆ ಬೇರೆ ಕೂತು, ಮನೆಯಲ್ಲಿ ಒಂದು ವಾರದಲ್ಲಿ ನಡೆಯುವ ಕೆಲಸಗಳನ್ನೆಲ್ಲ ಬರೆಯಿರಿ. ಗ್ಯಾಸ್ ಬುಕ್ ಮಾಡುವುದು, ಹಿಟ್ಟು ರುಬ್ಬುವುದು, ಹಂಡೆಯ ಕೆಳಗೆ ಬೆಂಕಿ ಹಾಕುವುದು, ಯಾರ ಹುಟ್ಟುಹಬ್ಬ ಯಾವತ್ತು ಎಂದು ನೆನಪಿಡುವುದೂ ಸೇರಿ. ಆಮೇಲೆ ಎರಡು ಪಟ್ಟಿ ಪಕ್ಕಪಕ್ಕ ಇಡಿ. ಸಾಮಾನ್ಯವಾಗಿ ಒಂದು ಪಟ್ಟಿ ಇನ್ನೊಂದರ ಎರಡರಷ್ಟು ಉದ್ದ ಇರುತ್ತದೆ. ಯಾರದ್ದು ಎಂದು ನಾನು ಹೇಳಬೇಕಿಲ್ಲ. ಯಾವ ಕೆಲಸ ಕೈ ಬದಲಾಗಬೇಕು ಎಂದು ಅಲ್ಲೇ ಮಾತಾಡಿ, ಅವರವರ ಎರಡು ಆಯ್ಕೆಗಳನ್ನು ಆಮೇಲೆ ಬರೆಯಿರಿ. ಹಿರಿಯರು ಜೊತೆಗಿದ್ದರೆ ಅವರನ್ನೂ ಕೇಳಿ. ತಮಗೆ ಏನು ಬೇಕು ಎಂದು ಅವರನ್ನು ಯಾರೂ ಕೇಳಿರುವುದೇ ಇಲ್ಲ. ಬರುವ ಉತ್ತರ ಚಿಕ್ಕದೇ ಇರುತ್ತದೆ. ಶೃಂಗೇರಿಗೆ ಒಂದು ಸಲ, ತವರಿಗೆ ಎರಡು ದಿನ, ಅಷ್ಟೇ.

ಎಂಟನೇ ಹೆಜ್ಜೆ: ವಾರಕ್ಕೊಮ್ಮೆ ಕಣ್ಣಾಡಿಸಿ

ಭಾನುವಾರ ಸಂಜೆ 15 ನಿಮಿಷ. ಎರಡು ಆಯ್ಕೆಗಳಿಗೆ ಈ ವಾರ ಎಷ್ಟು ಹೊತ್ತು ಸಿಕ್ಕಿತು, ಬರುವ ವಾರ ಅಡ್ಡ ಬರುವುದು ಏನಿದೆ, ಬಿಡುವ ಪಟ್ಟಿಯಿಂದ ಯಾವುದು ಹಿಂಬಾಗಿಲಿನಿಂದ ವಾಪಸ್ ಬಂದಿದೆ. ಬೇರೇನೂ ಬರೆಯುವುದು ಬೇಡ.

ಕೆಲವು ಸಲ ಇಡೀ ಕಾಲವೇ ಕೈ ತಪ್ಪುತ್ತದೆ. ಮನೆಯಲ್ಲಿ ಕಾಯಿಲೆ, ತೋಟಕ್ಕೆ ಕೊಳೆ, ದಿಢೀರ್ ವರ್ಗಾವಣೆ. ಅಂಥ ಹೊತ್ತಿಗೆ ಎಂದು ಪ್ರತಿ ಆಯ್ಕೆಯ ಕೆಳಗೆ ಮೊದಲೇ ಒಂದು ಸಣ್ಣ ರೂಪ ಬರೆದಿಡಿ. ಅರ್ಧ ಗಂಟೆ ನಡಿಗೆಯ ಸಣ್ಣ ರೂಪ ಅಂಗಳಕ್ಕೆ ಐದು ಸುತ್ತು. ದಿನಕ್ಕೆ ಹತ್ತು ಪುಟದ ಸಣ್ಣ ರೂಪ ಒಂದು ಪುಟ. ಅದೂ ಆಗದಿದ್ದರೆ ಆ ಪುಟಕ್ಕೆ ಅಡ್ಡ ಗೆರೆ ಎಳೆದು, ದಿನಾಂಕ ಹಾಕಿ, ಮುಂದಿನ ಕಾಲಕ್ಕೆ ಬಿಟ್ಟುಬಿಡಿ. ಹಳೆಯದರ ಬಾಕಿಯನ್ನು ಹೊಸ ಪುಟಕ್ಕೆ ತರಬೇಡಿ.

ಕಾಲ ತಿರುಗುವಾಗ ಹೊಸ ಆಯ್ಕೆ ಬರೆಯಲು ಒಂದು ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಮೇ ಕೊನೆಯ ಭಾನುವಾರ, ಸೆಪ್ಟೆಂಬರ್ ಕೊನೆಯ ಭಾನುವಾರ, ಜನವರಿ ಕೊನೆಯ ಭಾನುವಾರ. ಇವತ್ತೇ ಕ್ಯಾಲೆಂಡರಿನಲ್ಲಿ ಈ ಮೂರಕ್ಕೂ ಸುತ್ತು ಹಾಕಿಬಿಡಿ. ಈಗ ಕಾಲದ ನಡುವೆ ಇದ್ದರೆ ಮುಂದಿನದಕ್ಕೆ ಕಾಯಬೇಕಿಲ್ಲ. ಉಳಿದ ವಾರಗಳಿಗೆ ಒಂದೇ ಆಯ್ಕೆ ಬರೆಯಿರಿ, ಅದೂ ಮನೆಯದ್ದು. ಆಫೀಸಿನದ್ದು ಹೇಗೂ ಯಾರಾದರೂ ನೆನಪಿಸುತ್ತಾರೆ.